ಕಾವಲಿನ ಕಣ್ಣು ಎತ್ತ ನೋಡಬೇಕು?

ಮೈಸೂರಿನ ಮೇಟಗಳ್ಳಿಯು ಕಾರ್ಖಾನೆಗಳ ಬಡಾವಣೆ. ನೋಟು ಮುದ್ರಣಾಲಯವೂ ಇಲ್ಲಿಯೇ ಇದೆ. ಬೆಲೆಬಾಳುವ ವಸ್ತುವಿಗೆ ಕಾವಲು ಬೇಕೆಂಬುದನ್ನು ಇಲ್ಲಿನವರಿಗೆ ಯಾರೂ ಬೋಧಿಸಬೇಕಾಗಿಲ್ಲ. ಈಗ ಕಟ್ಟಡಗಳನ್ನು ಕಟ್ಟುತ್ತಿರುವ ನಿವೇಶನಗಳಲ್ಲಿಯೂ ಕಾವಲು ಕ್ಯಾಮರಾಗಳನ್ನು ಇಡುವುದು ರೂಢಿಗೆ ಬಂದಿದೆ. ಆದರೆ ಕಂಬ ಸಿಕ್ಕಿದ ಕಡೆ ಕ್ಯಾಮರಾ ಕಟ್ಟಿದ ಮಾತ್ರಕ್ಕೆ ಕಾವಲಾಯಿತೆಂದು ತಿಳಿಯುವುದು ತಪ್ಪು. ಅದನ್ನು ಎಲ್ಲಿಡಬೇಕೆಂಬುದು ಮೊದಲು ಗಣಿತದ ಪ್ರಶ್ನೆ; ಕೊನೆಗೆ ಮನುಷ್ಯನ ಬೆಲೆಯ ಪ್ರಶ್ನೆ.

ಮೂಲೆಮೂಲೆಯಾದ ಒಂದು ಚಿತ್ರಶಾಲೆಯನ್ನು ಪೂರ್ತಿಯಾಗಿ ನೋಡುತ್ತಿರಲು ಎಷ್ಟು ಮಂದಿ ಕಾವಲುಗಾರರು ಸಾಕು? 1973ರಲ್ಲಿ ವಿಕ್ಟರ್ ಕ್ಲೀ ಎಂಬ ಗಣಿತಜ್ಞ ಈ ಪ್ರಶ್ನೆಯನ್ನು ಕೇಳಿದನು. ಮೂಲೆಗಳ ಸಂಖ್ಯೆಯ ಮೂರನೆಯ ಒಂದು ಭಾಗದಷ್ಟು ಜನ ಸಾಕೆಂದು 1975ರಲ್ಲಿ ಖ್ವಾಟಲ್ ಸಾಧಿಸಿ ತೋರಿಸಿದನು. ಹನ್ನೆರಡು ಮೂಲೆಗಳಿದ್ದರೆ ನಾಲ್ವರು ಸಾಕು. ಆದರೆ ಆ ಕಾವಲುಗಾರರು ಸುತ್ತಲೂ ನೋಡಬಲ್ಲವರು. ಆ ಚಿತ್ರಶಾಲೆಯ ಗೋಡೆಗಳು ಬೆಳೆಯುವುದಿಲ್ಲ. ಕಟ್ಟಡದ ನಿವೇಶನದಲ್ಲಿಯಾದರೋ ಇಂದಿನ ಬಯಲು ಮುಂದಿನ ವಾರಕ್ಕೆ ಗೋಡೆಯಾಗುತ್ತದೆ. ಆದುದರಿಂದ ಅಂತಸ್ತು ಏರಿದಂತೆಲ್ಲ ಕ್ಯಾಮರಾಗಳ ನಕ್ಷೆಯನ್ನೂ ಹೊಸದಾಗಿ ಬರೆಯಬೇಕು.

ಕಾಣುವುದು ಬೇರೆ, ಗುರುತಿಸುವುದು ಬೇರೆ. ಅಪರಿಚಿತನ ಮುಖವನ್ನು ಗುರುತಿಸಲು ಚಿತ್ರದಲ್ಲಿ ಮೀಟರಿಗೆ 250 ಪಿಕ್ಸೆಲ್‌ಗಳಿರಬೇಕೆಂದೂ, ಯಾರೋ ಇದ್ದಾರೆಂದು ತಿಳಿಯಲು 25 ಸಾಕೆಂದೂ ಅಂತರರಾಷ್ಟ್ರೀಯ ಮಾನಕದ 2014ರ ಆವೃತ್ತಿಯು ಹೇಳಿತ್ತು. ಅಡ್ಡಲಾಗಿ 1920 ಪಿಕ್ಸೆಲ್‌ಗಳುಳ್ಳ, 90 ಅಂಶಗಳಷ್ಟು ಅಗಲವಾಗಿ ನೋಡುವ ಕ್ಯಾಮರಾವು ಸುಮಾರು 4 ಮೀಟರಿನಾಚೆ ಮುಖವನ್ನು ಗುರುತಿಸಲಾರದು. ಸುಮಾರು 38 ಮೀಟರಿನವರೆಗೆ ಆಳಿನ ಇರವನ್ನು ಮಾತ್ರ ತಿಳಿಸಬಲ್ಲದು. ಸೂರ್ಯನನ್ನೂ ಮರೆಯಬಾರದು. ಮೈಸೂರಿನಲ್ಲಿ ಅವನು ವರ್ಷವೆಲ್ಲ ನೇರ ಪೂರ್ವದಿಂದ ಸುಮಾರು 24 ಅಂಶಗಳೊಳಗೇ ಹುಟ್ಟುತ್ತಾನೆ. ಪಶ್ಚಿಮದಲ್ಲಿ ಮುಳುಗುವುದೂ ಹಾಗೆಯೇ. ಈ ಎರಡು ದಿಕ್ಕುಗಳಿಗೆ ಮುಖ ಮಾಡಿದ ಕ್ಯಾಮರಾ ದಿನಕ್ಕೊಂದು ಹೊತ್ತು ಕುರುಡಾಗುತ್ತದೆ.

ಇಷ್ಟೆಲ್ಲ ಲೆಕ್ಕ ಏತಕ್ಕಾಗಿ? ಕಂಬಿ, ಸಿಮೆಂಟು ಕಳುವಾಗದಂತೆ ಎಂದು ಮಾಲೀಕರು ಹೇಳುವರು. ಅದು ನ್ಯಾಯವೇ. ಆದರೆ ಹೋದ ಕಂಬಿಯನ್ನು ಮರಳಿ ಕೊಳ್ಳಬಹುದು. ಸಾರುವೆಯಿಂದ ಬಿದ್ದವನನ್ನು ಮರಳಿ ತರಲಾಗದು. ಆದುದರಿಂದ ಮೊದಲ ಕ್ಯಾಮರಾ ಚಾವಣಿಯ ಅಂಚನ್ನೂ ಸಾರುವೆಯನ್ನೂ ನೋಡಲಿ. ಅದನ್ನು ಕಂಡು ಕೆಲಸ ನಿಲ್ಲಿಸುವ ಅಧಿಕಾರವುಳ್ಳವನೊಬ್ಬ ಇರಲಿ. ಬಿದ್ದುದನ್ನು ಚಿತ್ರಿಸುವ ಯಂತ್ರಕ್ಕಿಂತ ಬೀಳದಂತೆ ತಡೆಯುವ ಕಟಕಟೆಯೇ ಮುಖ್ಯವೆಂಬುದೂ ನೆನಪಿರಲಿ.

ನೋಡಬಾರದ ಸ್ಥಳವೂ ಉಂಟು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಕೂಲಿಕಾರರ ಶೆಡ್ಡು, ಅವರ ಸ್ನಾನದ ತಾಣಗಳ ಕಡೆಗೆ ಕ್ಯಾಮರಾ ತಿರುಗಕೂಡದು.

ವಿದ್ಯಾರ್ಥಿ ಮಿತ್ರರೆ, ಒಂದು ನಕ್ಷೆಯ ಹಾಳೆಯ ಮೇಲೆ ನಿಮ್ಮ ಬೀದಿಯ ಹೊಸ ಕಟ್ಟಡವನ್ನು ಬರೆದು, ನಾಲ್ಕು ಕ್ಯಾಮರಾಗಳನ್ನು ಗುರುತಿಸಿ ನೋಡಿರಿ. ಕಾಣದೆ ಉಳಿದ ಮೂಲೆಯಲ್ಲಿ ಇರುವುದು ಸಿಮೆಂಟಿನ ಚೀಲವೋ, ದುಡಿಯುವ ಮನುಷ್ಯನೋ ಎಂಬುದನ್ನು ಕೇಳಿಕೊಂಡ ಮೇಲೆಯೇ ಲೆಕ್ಕವನ್ನು ಮುಗಿಸಿರಿ.