ಅದು ಜಾಣಕಿವುಡಲ್ಲ

‘ಆಸ್ತಿ ವಿಷಯ ತೆಗೆದರೆ ಹಾಲ್‌ನಿಂದಲೇ ಕೇಳಿಸುತ್ತೆ, ತರಕಾರಿ ತನ್ನಿ ಅಂದರೆ ಕೇಳಿಸಲ್ಲ. ಎಲ್ಲ ಜಾಣಕಿವುಡು.’ ವಯಸ್ಸಾದವರ ಮೇಲೆ ಮನೆಮಂದಿ ಹೊರಿಸುವ ಆರೋಪಗಳಲ್ಲಿ ಇದರಷ್ಟು ನೋಯಿಸುವುದು ಇನ್ನೊಂದಿಲ್ಲ. ಅವರು ಕಂಡದ್ದು ಸುಳ್ಳಲ್ಲ, ತೀರ್ಮಾನ ತಪ್ಪು.

ಒಳಕಿವಿಯ ಕಾಕ್ಲಿಯಾದಲ್ಲಿ ಸುಮಾರು 15,000 ಕೂದಲುಕೋಶಗಳಿವೆ. ಮನುಷ್ಯರಲ್ಲಿ ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಾಗಲಿ ಕಾರ್ಖಾನೆಯ ಸದ್ದಾಗಲಿ, ಸಾಮಾನ್ಯವಾಗಿ ಮೊದಲು ಕೆಡಿಸುವುದು ತಾರಸ್ಥಾಯಿಯ ದನಿ ಹಿಡಿಯುವ ಕೋಶಗಳನ್ನು. ಮಾತಿನಲ್ಲಿ ಸ್ವರಗಳು ತಗ್ಗಿನವು, ಗಟ್ಟಿಯಾದವು. ಸ, ಶ, ತ, ಕ ಇವುಗಳ ಗುರುತೆಲ್ಲ ಇರುವುದು ಮೇಲಿನ ಕ್ಷೀಣ ಸದ್ದಿನಲ್ಲಿ. ಹಾಗಾಗಿ ಯಾರೋ ಮಾತಾಡುತ್ತಿರುವುದು ಕೇಳುತ್ತದೆ, ಏನೆಂದು ಮಾತ್ರ ತಿಳಿಯದು. ಮಿಕ್ಸಿ ತಿರುಗುತ್ತಿರುವಾಗ ಸೊಸೆ ಒಲೆಯತ್ತ ಮುಖ ಮಾಡಿಕೊಂಡೇ ‘ಮಾವ, ತಟ್ಟೆ ಕೊಡಿ’ ಎನ್ನುತ್ತಾಳೆ. ತಟ್ಟೆಯೋ ಕಟ್ಟೆಯೋ ಬಟ್ಟೆಯೋ ಮಾವನಿಗೆ ಹೊಳೆಯುವುದಿಲ್ಲ, ತುಟಿಯೂ ಕಾಣದು. ಆಸ್ತಿಯ ಮಾತು ಹಾಗಲ್ಲ. ಅದು ತಿಂಗಳುಗಟ್ಟಲೆ ತಲೆ ಕೊರೆದ ವಿಷಯ. ಅರ್ಧ ಪದ ಕಿವಿಗೆ ಬಿದ್ದರೂ ಉಳಿದರ್ಧವನ್ನು ಮಿದುಳು ತುಂಬಿಕೊಳ್ಳುತ್ತದೆ. ಆ ಶ್ರಮಕ್ಕೆ ಸಂಜೆಯ ಹೊತ್ತಿಗೆ ಮನುಷ್ಯ ಸುಸ್ತಾಗಿರುತ್ತಾನೆ. ಅದನ್ನು ನಾಟಕ ಎನ್ನುವುದು ಅನ್ಯಾಯ.

‘ಹಾಗಾದರೆ ಕೂಗಿ ಹೇಳಿದರಾಯಿತು’ ಎನ್ನುವವರಿದ್ದಾರೆ. ಕೂಗಿದಾಗ ಹೆಚ್ಚು ಏರುವುದು ಸ್ವರ; ವ್ಯಂಜನ ಅದರಡಿ ಹೂತುಹೋಗುತ್ತದೆ. ಸಣ್ಣ ಸದ್ದನ್ನು ಹಿಗ್ಗಿಸಿಕೊಡುತ್ತಿದ್ದ ಹೊರಸಾಲಿನ ಕೋಶಗಳು ಹೋದ ಮೇಲೆ ಮೆಲುದನಿ ಕೇಳಿಸುವುದಿಲ್ಲ, ಜೋರುದನಿ ಮಾತ್ರ ಮೊದಲಿನಂತೆಯೇ ಅಪ್ಪಳಿಸುತ್ತದೆ. 1801ರಲ್ಲಿ ಬೀಥೋವನ್ ತನ್ನ ವೈದ್ಯ ಗೆಳೆಯ ವೆಗೆಲರ್‌ಗೆ ಬರೆದ ಕಾಗದದಲ್ಲಿ ಇದೇ ಸಂಕಟವಿದೆ: ಮೆಲ್ಲಗೆ ಮಾತಾಡಿದರೆ ದನಿ ಕೇಳುತ್ತದೆ, ಪದ ಸಿಗುವುದಿಲ್ಲ, ಯಾರಾದರೂ ಕಿರುಚಿದರೆ ಸಹಿಸಲಾಗದು. ಆಗ ಅವನಿಗಿನ್ನೂ ಮೂವತ್ತು. ಕೂಗುವ ಬದಲು ಎದುರಿಗೆ ಬಂದು, ಮಿಕ್ಸಿ ನಿಲ್ಲಿಸಿ, ಅದೇ ಮಾತನ್ನು ಬೇರೆ ರೀತಿಯಲ್ಲಿ ಹೇಳಿ.

ಇನ್ನು ‘ಅಷ್ಟು ದುಡ್ಡು ಕೊಟ್ಟು ಮೆಷಿನ್ ತಂದರೂ ಹಾಕಿಕೊಳ್ಳುವುದಿಲ್ಲ’ ಎಂಬ ದೂರು. ಇದರಲ್ಲಿ ಅರ್ಧ ಸತ್ಯವಿದೆ, ಹಿಯರಿಂಗ್ ಏಡ್ ಹಾಕಿಕೊಳ್ಳಲೇಬೇಕು. ಆದರೆ ಅದು ಕನ್ನಡಕದಂತಲ್ಲ. ಹತ್ತಿರ ಹತ್ತಿರದ ದನಿಗಳನ್ನು ಬಿಡಿಸಿ ಕೊಡುವ ಸೂಕ್ಷ್ಮವೇ ಒಳಗಡೆ ಕಳೆದುಹೋಗಿರುವಾಗ, ಯಂತ್ರ ಗಟ್ಟಿ ಮಾಡಬಲ್ಲದೇ ಹೊರತು ಅದನ್ನು ಪೂರ್ತಿ ಮರಳಿಸಲಾರದು. ಮದುವೆಮನೆಯಲ್ಲಿ ಬೀಗರ ಮಾತಿನ ಜೊತೆ ವಾಲಗವೂ ದೊಡ್ಡದಾಗುತ್ತದೆ. ಹೊಂದಿಕೊಳ್ಳಲು ವಾರಗಳು ಬೇಕು, ಮತ್ತೆ ಮತ್ತೆ ಹೋಗಿ ಸೆಟ್ಟಿಂಗ್ ಸರಿಮಾಡಿಸಬೇಕು. ತಂದುಕೊಟ್ಟು ಕೈತೊಳೆದುಕೊಂಡ ಮಕ್ಕಳು ಎಷ್ಟು ಸಲ ಜೊತೆಗೆ ಹೋಗಿದ್ದಾರೆ?

ಕೊನೆಯ ವಾದ: ‘ಆಡಿಯೋಗ್ರಾಂ ನಾರ್ಮಲ್ ಬಂದಿದೆ.’ ನಿಶ್ಶಬ್ದ ಕೋಣೆಯಲ್ಲಿ ಬೀಪ್ ಕೇಳಿಸಿಕೊಳ್ಳುವುದು ಬೇರೆ, ಗದ್ದಲದಲ್ಲಿ ಮಾತು ಹಿಡಿಯುವುದು ಬೇರೆ. 2009ರಲ್ಲಿ ಸಂಶೋಧಕರಾದ ಕುಜಾವಾ ಮತ್ತು ಲಿಬರ್ಮನ್ ಇಲಿಗಳಲ್ಲಿ ತೋರಿಸಿದ್ದು ಇದನ್ನೇ ಹೋಲುತ್ತದೆ: ಭಾರೀ ಸದ್ದಿನ ನಂತರ ಕೇಳುವ ಮಟ್ಟ ಮಾಮೂಲಿಗೆ ಬಂತು, ಕೂದಲುಕೋಶಗಳೂ ಉಳಿದವು, ಆದರೆ ಅವುಗಳನ್ನು ನರಕ್ಕೆ ಬೆಸೆಯುವ ಕೊಂಡಿಗಳು ಶಾಶ್ವತವಾಗಿ ಕಳಚಿದ್ದವು. ಮನುಷ್ಯರಲ್ಲಿ ಇದರ ಪಾಲೆಷ್ಟು ಎಂಬ ಚರ್ಚೆ ಇನ್ನೂ ನಡೆದಿದೆ. ಆದರೂ ಆಡಿಯೋಗ್ರಾಂನ ಆ ಒಂದು ಕಾಗದ ಹಿಡಿದು ಯಾರನ್ನೂ ಸುಳ್ಳುಗಾರ ಎನ್ನಬೇಡಿ. ಗದ್ದಲದ ನಡುವೆ ಮಾತು ಗುರುತಿಸುವ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪದ, ವಾಕ್ಯಗಳಲ್ಲೇ ಅಂಥ ಪರೀಕ್ಷೆಗಳನ್ನು ರೂಪಿಸಿದ್ದಾರೆ.