ಯಾವ ಕಾರು ಒಳ್ಳೆಯದು? ಮೊದಲು ಹೇಳಿ, ಯಾರಿಗೆ?

"ತಾತ, ಯಾವ ಕಾರು ಒಳ್ಳೆಯದು?" ಈ ಪ್ರಶ್ನೆ ನಿಮ್ಮ ಮನೆಯಲ್ಲೂ ಒಂದಲ್ಲ ಒಂದು ದಿನ ಎದ್ದೇ ಇರುತ್ತದೆ. ಉತ್ತರ ಹೇಳುವ ಮುಂಚೆ ನಾವು ಕೇಳಬೇಕಾದ ಮರುಪ್ರಶ್ನೆ ಒಂದಿದೆ: ಯಾರಿಗೆ? ದಿನಾ ಆಫೀಸಿಗೆ ಹೋಗಿಬರುವ ಅಪ್ಪನಿಗೋ, ಹೊಸದಾಗಿ ಡ್ರೈವಿಂಗ್ ಕಲಿತ ಅಮ್ಮನಿಗೋ, ಮಂಡಿನೋವಿನ ಅಜ್ಜಿಗೋ, ಅಥವಾ ಘಾಟಿಯ ತಿರುವುಗಳಲ್ಲಿ ಸ್ಟೀರಿಂಗ್ ತಿರುಗಿಸುವುದೇ ಸ್ವರ್ಗ ಎನ್ನುವ ಚಿಕ್ಕಪ್ಪನಿಗೋ?

ಈ ವಾರ ನಾಲ್ಕು ಪುಟ್ಟ ಕಾರುಗಳನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸಿ ನೋಡೋಣ. ನಾಲ್ಕೂ ಹಳೆಯವು. ಹಳೆಯವನ್ನೇ ಆರಿಸಲು ಕಾರಣವಿದೆ. ಇವತ್ತು ಶೋರೂಮಿನಲ್ಲಿ ಮಿರಮಿರ ಮಿಂಚುತ್ತಿರುವ ಕಾರು ಇಪ್ಪತ್ತು ವರ್ಷದ ಮೇಲೆ ಏನಾಗುತ್ತದೆಂದು ಯಾರೂ ಹೇಳಲಾರರು. ಈ ನಾಲ್ಕರ ಪರೀಕ್ಷೆ ಮುಗಿದು ಫಲಿತಾಂಶವೂ ಬಂದಾಗಿದೆ. ಮಕ್ಕಳೇ, ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಓದಿ. ಇವುಗಳಲ್ಲಿ ಒಂದರಲ್ಲಾದರೂ ಅವರು ಕೂತಿರುತ್ತಾರೆ.

ಕಾಲ 1998. ಅದಕ್ಕೆ ಮುಂಚೆ ಬಹುಕಾಲ ನಮ್ಮ ದೇಶದಲ್ಲಿ ಕಾರು ಎಂದರೆ ಅಂಬಾಸಿಡರ್ ಅಥವಾ ಫಿಯೆಟ್. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು, ಮಧ್ಯಮ ವರ್ಗದ ಮನೆಯ ಮುಂದೆ ಕಾರು ನಿಂತಿತು. 1993ರಲ್ಲಿ ಅದೇ ಕಂಪನಿಯ ಜೆನ್ ಬಂತು. ಆಮೇಲೆ 1998ರ ಕೊನೆಯ ಕೆಲವೇ ತಿಂಗಳಲ್ಲಿ ಒಂದರ ಹಿಂದೆ ಒಂದು ಮೂರು ಎದುರಾಳಿಗಳು: ಕೊರಿಯಾದ ಹ್ಯುಂಡೈ ಕಂಪನಿಯ ಸ್ಯಾಂಟ್ರೊ, ಕೊರಿಯಾದ್ದೇ ಇನ್ನೊಂದು ಕಂಪನಿ ಡೇವೂನ ಮಟೀಜ್, ಮತ್ತು ನಮ್ಮದೇ ಟಾಟಾ ಇಂಡಿಕಾ. ಸ್ಯಾಂಟ್ರೊ ತಯಾರಾದದ್ದು ಚೆನ್ನೈ ಹತ್ತಿರದ ಶ್ರೀಪೆರಂಬುದೂರು ಕಡೆ, ಇಂಡಿಕಾ ಪುಣೆಯಲ್ಲಿ, ಮಟೀಜ್ ಉತ್ತರ ಪ್ರದೇಶದ ಸೂರಜ್‌ಪುರದಲ್ಲಿ, ಜೆನ್ ಗುರುಗ್ರಾಮದಲ್ಲಿ. ಸಾಲದಲ್ಲಿ ಕೊಳ್ಳಲು ಹೊರಟವರಿಗೆ ಮೊದಲ ಬಾರಿ 'ಯಾವುದು?' ಎಂಬ ತಲೆನೋವು ಶುರುವಾಯಿತು. ಒಳ್ಳೆಯ ತಲೆನೋವೇ ಅನ್ನಿ.

ಮೊದಲು ಜೆನ್. 993 ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಸುಮಾರು 50 ಅಶ್ವಶಕ್ತಿ. ತೂಕ ಮುಕ್ಕಾಲು ಟನ್‌ನ ಆಸುಪಾಸು. ಇಲ್ಲಿ ಒಂದು ಭಾಗಾಕಾರ ಮಾಡಿ: 750 ಕೆ.ಜಿ.ಯನ್ನು 50 ಕುದುರೆಗಳಿಗೆ ಹಂಚಿದರೆ ಒಂದು ಕುದುರೆಯ ಪಾಲಿಗೆ 15 ಕೆ.ಜಿ. ಡೀಸೆಲ್ ಇಂಡಿಕಾದ ಶಕ್ತಿ ಹೆಚ್ಚುಕಡಿಮೆ ಅಷ್ಟೇ, 53ರ ಸುಮಾರು. ಆದರೆ ತೂಕ ಒಂದು ಟನ್. ಅಲ್ಲಿ ಒಂದು ಕುದುರೆಯ ಪಾಲಿಗೆ ಸುಮಾರು 19 ಕೆ.ಜಿ. ಯಾವ ಕುದುರೆ ಚುರುಕಾಗಿ ಓಡುತ್ತದೆ ಎಂದು ಬಿಡಿಸಿ ಹೇಳಬೇಕೇ? ಕಾರಿನ ಹುಚ್ಚು ಇರುವವರು ಜೆನ್ ಹಿಂದೆ ಬಿದ್ದದ್ದು ಇದಕ್ಕೇ. ಕಾರು ಕುಳ್ಳಗಿತ್ತು, ಹಗುರವಾಗಿತ್ತು, ಹೇಳಿದ ಮಾತು ಕೇಳುತ್ತಿತ್ತು.

ಕುಳ್ಳಗಿದ್ದರೆ ಏನು ಲಾಭ? ಒಂದು ಬೆಂಕಿಪೊಟ್ಟಣವನ್ನು ಪರೀಕ್ಷೆಯ ರಟ್ಟಿನ ಮೇಲೆ ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಪಕ್ಕದಲ್ಲೇ ಮಲಗಿಸಿ. ಈಗ ರಟ್ಟನ್ನು ನಿಧಾನವಾಗಿ ಒಂದು ಕಡೆ ಎತ್ತುತ್ತಾ ಹೋಗಿ. ನಿಂತ ಪೊಟ್ಟಣ ಮೊದಲು ಉರುಳುತ್ತದೆ. ಭಾರದ ಕೇಂದ್ರ ನೆಲಕ್ಕೆ ಹತ್ತಿರವಿದ್ದಷ್ಟೂ ವಸ್ತು ಸ್ಥಿರ. ಆಗುಂಬೆ ಘಾಟಿಯ ತಿರುವುಗಳಲ್ಲಿ ಕುಳ್ಳ ಕಾರು ನೆಲಕ್ಕೆ ಅಂಟಿಕೊಂಡಂತೆ ಹೋಗುವುದು, ಎತ್ತರದ ಕಾರು ಸ್ವಲ್ಪ ಒಲೆಯುವುದು, ಎರಡಕ್ಕೂ ಇದೇ ಕಾರಣ.

ಆದರೆ ಅದೇ ಕುಳ್ಳ ಕಾರಿಗೆ ಅಜ್ಜಿ ಹತ್ತುವುದನ್ನು ನೋಡಿದ್ದೀರಾ? ಹತ್ತುವುದೆಲ್ಲಿ ಬಂತು, ಇಳಿಯಬೇಕು! ಮೊದಲು ಬೆನ್ನು ಬಗ್ಗಿಸಬೇಕು, ತಲೆ ತಗ್ಗಿಸಬೇಕು, ಆಮೇಲೆ ಬಾವಿಗೆ ಇಳಿದಂತೆ ಸೀಟಿಗೆ ಇಳಿಯಬೇಕು. ಹೊರಗೆ ಬರುವಾಗ ಮಂಡಿ ಎರಡೂ ಅಯ್ಯೋ ಎನ್ನುತ್ತವೆ. ಇಲ್ಲಿ ಗೆದ್ದದ್ದು ಸ್ಯಾಂಟ್ರೊ. ಅದರ ಉದ್ದವೂ ಜೆನ್‌ನಷ್ಟೇ, ಸುಮಾರು ಮೂರೂವರೆ ಮೀಟರ್. ಎತ್ತರ ಮಾತ್ರ ಒಂದು ಗೇಣಿನಷ್ಟು ಹೆಚ್ಚು. ಸೀಟು ಕುರ್ಚಿಯ ಮಟ್ಟದಲ್ಲಿ ಇದ್ದುದರಿಂದ ಕುರ್ಚಿಯ ಮೇಲೆ ಕೂತಂತೆ ಕೂರಬಹುದಿತ್ತು. ಮೊದಲು ನೋಡಿದಾಗ ಜನ ನಕ್ಕರು, ಡಬ್ಬಿಯ ಹಾಗಿದೆ ಎಂದರು. ಜಾಹೀರಾತಿನಲ್ಲಿ ಶಾರುಖ್ ಖಾನ್ ಬಂದರು, ಅದೂ ಸಹಾಯ ಮಾಡಿರಬಹುದು. ಆದರೆ ಒಂದು ಸಲ ಒಳಗೆ ಕೂತು ಎದ್ದ ಹಿರಿಯರು ಆಮೇಲೆ ನಗಲಿಲ್ಲ. 1999ರ ಕೊನೆಯಲ್ಲಿ ಮಾರುತಿ ಕಂಪನಿಯೂ ಅಂಥದ್ದೇ ಎತ್ತರದ ವ್ಯಾಗನ್ ಆರ್ ತಂದಿತೆಂದ ಮೇಲೆ ಡಬ್ಬಿಯ ಮಹಿಮೆ ನಿಮಗೇ ತಿಳಿಯುತ್ತದೆ.

ಮೂರನೆಯದು ಮಟೀಜ್, ನಾಲ್ಕರಲ್ಲಿ ಮುದ್ದು ಮುಖದ್ದು. ಇದರ ರೂಪ ಬಿಡಿಸಿದ್ದು ಇಟಲಿಯ ಹೆಸರಾಂತ ವಿನ್ಯಾಸಕಾರ ಜಾರ್ಜೆಟ್ಟೊ ಜುಜಾರೊ ಅವರ ಸಂಸ್ಥೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿಯ ಮೊದಲ ಗಾಲ್ಫ್ ಕಾರನ್ನು ರೂಪಿಸಿದವರೂ ಅವರೇ. ಮಟೀಜ್‌ನ ಎಂಜಿನ್ 796 ಸಿಸಿ, ಮೂರೇ ಸಿಲಿಂಡರ್. ಸಿಲಿಂಡರ್ ಕಡಿಮೆಯಾದರೆ ಏನಾಗುತ್ತದೆ? ನಾಲ್ಕು ಜನ ಸುತ್ತ ನಿಂತು ಒಬ್ಬರಾದ ಮೇಲೆ ಒಬ್ಬರು ಒನಕೆಯಿಂದ ಕುಟ್ಟುವುದನ್ನು ನೆನೆಸಿಕೊಳ್ಳಿ. ಸದ್ದು ಒಂದೇ ಸಮ ಬರುತ್ತದೆ. ಒಬ್ಬರು ಬಿಟ್ಟುಹೋದರೆ ಪೆಟ್ಟು ಪೆಟ್ಟಿನ ನಡುವೆ ಬಿಡುವು ಹೆಚ್ಚಾಗುತ್ತದೆ, ಲಯ ಬದಲಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಮೂರು ಸಿಲಿಂಡರಿನ ಕಾರು ಸಣ್ಣಗೆ ನಡುಗುವುದು ಇದರಿಂದ. ಆದರೆ ಬಿಡಿಭಾಗ ಕಡಿಮೆ, ಉಜ್ಜಾಟ ಕಡಿಮೆ, ಪೆಟ್ರೋಲ್ ಉಳಿತಾಯ. ಹೊಸದಾಗಿ ಕಲಿತವರಿಗೆ, ಪೇಟೆಯ ಇಕ್ಕಟ್ಟಿಗೆ ಅದು ಹೇಳಿ ಮಾಡಿಸಿದ್ದು.

ನಾಲ್ಕನೆಯದು ಇಂಡಿಕಾ. ಲಾರಿ ತಯಾರಿಸುತ್ತಿದ್ದ ಕಂಪನಿ ಮಾಡಿದ ಪುಟ್ಟ ಕಾರು. ಜೆನ್‌ನಷ್ಟು ಗಾತ್ರ, ಒಳಗೆ ಅಂಬಾಸಿಡರ್‌ನಷ್ಟು ಜಾಗ, ಬೆಲೆ ಮಾರುತಿ 800ರ ಹತ್ತಿರ ಇರಬೇಕು ಎಂಬುದು ರತನ್ ಟಾಟಾ ಅವರ ಗುರಿಯಾಗಿತ್ತು. ಬುಕಿಂಗ್ ತೆರೆದಾಗ ಲಕ್ಷಕ್ಕೂ ಹೆಚ್ಚು ಜನ ಹಣ ಕಟ್ಟಿದರು. ಮೊದಲ ಕಾರುಗಳಲ್ಲಿ ದೂರುಗಳು ಬಹಳ ಬಂದವು. ಕಂಪನಿ ಕಾರನ್ನು ತಿದ್ದಿ 2001ರಲ್ಲಿ ವಿ2 ಎಂಬ ಹೊಸ ರೂಪ ತಂದಿತು. ಆಮೇಲೆ ಅದು ಟ್ಯಾಕ್ಸಿಯವರ ಕಣ್ಮಣಿಯಾಯಿತು.

ಟ್ಯಾಕ್ಸಿಯವರೇ ಏಕೆ? ಆಗ ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧದ ಆಸುಪಾಸಿನಲ್ಲಿತ್ತು. ಇದನ್ನು ಲೆಕ್ಕವಾಗಿ ಮಾಡೋಣ. ಡೀಸೆಲ್ ಕಾರಿಗೆ ನೀವು 60,000 ರೂಪಾಯಿ ಹೆಚ್ಚು ಕೊಟ್ಟಿರಿ, ಓಡಿಸುವಾಗ ಕಿಲೋಮೀಟರಿಗೆ ಒಂದು ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. ಕೊಟ್ಟ ಹಣ ವಾಪಸು ಬರಲು 60,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ 5,000 ಕಿಲೋಮೀಟರ್ ಓಡುವ ಟ್ಯಾಕ್ಸಿಗೆ ಒಂದೇ ವರ್ಷ ಸಾಕು. ತರಕಾರಿ, ದೇವಸ್ಥಾನ, ಮದುವೆ ಎಂದು ತಿಂಗಳಿಗೆ 500 ಕಿಲೋಮೀಟರ್ ಓಡುವವರಿಗೆ ಹತ್ತು ವರ್ಷ ಬೇಕು! ಕಾರು ಅದೇ, ಬೆಲೆಯೂ ಅದೇ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ. ಇವತ್ತು ಬ್ಯಾಟರಿ ಕಾರು ಕೊಳ್ಳುವವರೂ ಇದೇ ಲೆಕ್ಕ ಹಾಕಬೇಕು.

ಲೆಕ್ಕ ಎಂದಮೇಲೆ, ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದವನಾಗಿ ಸಾಲದ ಮಾತೂ ಹೇಳಬೇಕು. ಎರಡು ಲಕ್ಷ ರೂಪಾಯಿ ಸಾಲ, ಐದು ವರ್ಷ. ಒಬ್ಬರು "ಬರೀ ಶೇ. 8 ಫ್ಲಾಟ್ ಬಡ್ಡಿ" ಎನ್ನುತ್ತಾರೆ. ಇನ್ನೊಬ್ಬರು "ಶೇ. 12, ಉಳಿದ ಅಸಲಿನ ಮೇಲೆ ಮಾತ್ರ" ಎನ್ನುತ್ತಾರೆ. ಯಾವುದು ಅಗ್ಗ? ಎಂಟು ಎನ್ನುವಿರಾ? ಫ್ಲಾಟ್ ಎಂದರೆ ಐದೂ ವರ್ಷ ಪೂರ್ತಿ ಎರಡು ಲಕ್ಷದ ಮೇಲೇ ಬಡ್ಡಿ. ಕೊನೆಯ ವರ್ಷ ನೀವು ಉಳಿಸಿಕೊಂಡಿರುವ ಅಸಲು ಸುಮಾರು ಐವತ್ತು ಸಾವಿರವಷ್ಟೇ ಆಗಿದ್ದರೂ ಬಡ್ಡಿ ಎರಡು ಲಕ್ಷಕ್ಕೇ! ವರ್ಷಕ್ಕೆ 16,000ದಂತೆ ಐದು ವರ್ಷಕ್ಕೆ 80,000 ಬಡ್ಡಿ. ಒಟ್ಟು 2,80,000ವನ್ನು 60 ತಿಂಗಳಿಗೆ ಹಂಚಿದರೆ ಕಂತು 4,667 ರೂಪಾಯಿ. ಶೇ. 12ರವರ ಕಂತು 4,449 ರೂಪಾಯಿ. ಹನ್ನೆರಡೇ ಅಗ್ಗ, ಒಟ್ಟು ಹದಿಮೂರು ಸಾವಿರದಷ್ಟು. ಆ 'ಬರೀ ಎಂಟು' ನಿಜವಾಗಿ ಶೇ. 14ಕ್ಕಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಬಡ್ಡಿ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ, ಯಾವುದರ ಮೇಲೆ ಬಡ್ಡಿ ಎಂದೂ ಕೇಳಿ.

ಇನ್ನು ಫಲಿತಾಂಶ. ಮುದ್ದು ಮುಖದ ಮಟೀಜ್‌ಗೆ ಆಯುಸ್ಸು ಕಡಿಮೆ. ಕಾರಿನಲ್ಲಿ ದೋಷವಿತ್ತೆಂದಲ್ಲ. ಕೊರಿಯಾದಲ್ಲಿ ಡೇವೂ ಕಂಪನಿಯೇ 2000ದಲ್ಲಿ ದಿವಾಳಿಯಾಯಿತು. ಕೆಲವು ವರ್ಷಗಳಲ್ಲಿ ಇಲ್ಲಿಯ ಕಾರ್ಖಾನೆಯೂ ನಿಂತಿತು. ಒಳ್ಳೆಯ ಕಾರು ಮನೆಯಲ್ಲಿದೆ, ಬಿಡಿಭಾಗಕ್ಕೆ ಅಲೆದಾಟ. ಜೆನ್ 2006ರವರೆಗೆ, ಸ್ಯಾಂಟ್ರೊ 2014ರವರೆಗೆ (ನಡುವೆ ಬಿಟ್ಟು 2018ರಲ್ಲಿ ಮತ್ತೆ ಬಂದು 2022ರವರೆಗೆ), ಇಂಡಿಕಾ 2018ರವರೆಗೆ ಬಾಳಿದವು. ನಾನು ಅಂಕ ಕೊಡುವುದಾದರೆ ಓಡಿಸುವ ಖುಷಿಗೆ ಜೆನ್, ಹಿರಿಯರಿರುವ ಮನೆಗೆ ಸ್ಯಾಂಟ್ರೊ, ದೂರ ಓಡಿ ದುಡಿಯುವವರಿಗೆ ಇಂಡಿಕಾ, ಇಕ್ಕಟ್ಟಿನ ಪೇಟೆಗೆ ಮಟೀಜ್. ನಾಲ್ಕೂ ಒಳ್ಳೆಯವೇ, ಬೇರೆ ಬೇರೆಯವರಿಗೆ.

ಆದರೆ ಈ ನಾಲ್ಕನ್ನೂ ಹೋಲಿಸುವಾಗ ಆ ಕಾಲದಲ್ಲಿ ಹೆಚ್ಚಿನವರು ಕೇಳದೇ ಬಿಟ್ಟ ಪ್ರಶ್ನೆ ಒಂದಿದೆ. ಡಿಕ್ಕಿಯಾದರೆ ಒಳಗಿದ್ದವರ ಗತಿಯೇನು? ಆಗಿನ ಸಾಮಾನ್ಯ ಮಾದರಿಗಳಲ್ಲಿ ಏರ್‌ಬ್ಯಾಗ್ ಇರಲಿಲ್ಲ. ನಾವು ಮೈಲೇಜ್ ಕೇಳಿದೆವು, ಬಣ್ಣ ಕೇಳಿದೆವು, ಸ್ಟೀರಿಯೋ ಕೇಳಿದೆವು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ನಮ್ಮ ದೇಶದ ಐದು ಜನಪ್ರಿಯ ಪುಟ್ಟ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಡಿಕ್ಕಿ ಹೊಡೆಸಿ ನೋಡಿತು. ದೊಡ್ಡವರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಸೊನ್ನೆ ನಕ್ಷತ್ರ. ಪುಟ್ಟ ಕಾರು ಎಂದರೆ ಹೀಗೇ ಎಂದುಕೊಳ್ಳಬೇಡಿ. 2018ರಲ್ಲಿ ಟಾಟಾ ನೆಕ್ಸಾನ್, 2020ರಲ್ಲಿ ಟಾಟಾ ಆಲ್ಟ್ರೋಜ್ ಅಂಥದ್ದೇ ಪರೀಕ್ಷೆಯಲ್ಲಿ ಐದು ನಕ್ಷತ್ರ ಪಡೆದವು. ಎರಡೂ ನಾಲ್ಕು ಮೀಟರಿಗಿಂತ ಚಿಕ್ಕವು. 2023ರ ಅಕ್ಟೋಬರ್ 1ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಶುರುವಾಗಿದೆ. ಅದರಲ್ಲಿ ದೊಡ್ಡವರ ರಕ್ಷಣೆಗೆ ಬೇರೆ, ಮಕ್ಕಳ ರಕ್ಷಣೆಗೆ ಬೇರೆ ನಕ್ಷತ್ರ. ಕಾರು ನೋಡಲು ಹೋದಾಗ ಎರಡನ್ನೂ ಕೇಳಿ.

ಈಗ ಅಜ್ಜ ಅಜ್ಜಿಯರಿಗೆ ಒಂದು ಮಾತು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಾರಿನಲ್ಲಿ ಹೋಗುವ ಸುಖ ನನಗೂ ಗೊತ್ತು. ಆದರೆ ಲೆಕ್ಕ ಕೇಳಿ. ಗಂಟೆಗೆ 64 ಕಿಲೋಮೀಟರ್ ವೇಗದ ಡಿಕ್ಕಿ ಎಂದರೆ ಐದಂತಸ್ತಿನ ಕಟ್ಟಡದಿಂದ ಬಿದ್ದಷ್ಟು ಪೆಟ್ಟು. ಕಾರಿನ ಮೂತಿ ಅರವತ್ತು ಸೆಂಟಿಮೀಟರ್ ನುಗ್ಗಾಗಿ ಕಾರು ನಿಂತಿತು ಎಂದುಕೊಂಡರೆ, 20 ಕೆ.ಜಿ.ಯ ಮಗುವನ್ನು ಆ ಕ್ಷಣದಲ್ಲಿ ಹಿಡಿದಿಟ್ಟುಕೊಳ್ಳಲು ಐದು ಕ್ವಿಂಟಲ್‌ಗೂ ಹೆಚ್ಚು ಭಾರ ತಡೆಯುವ ತೋಳು ಬೇಕು. ಪೈಲ್ವಾನನಿಗೂ ಆಗದು, ನಮಗೆಲ್ಲಿ ಆದೀತು? ಕೈ ಬಿಡುವುದು ಪ್ರೀತಿ ಕಡಿಮೆಯಾಗಿ ಅಲ್ಲ, ಅಷ್ಟು ಬಲ ಯಾರ ತೋಳಿನಲ್ಲೂ ಇಲ್ಲ. ಮಗುವಿಗೆ ಅದರ ವಯಸ್ಸಿಗೆ ತಕ್ಕ ಮಕ್ಕಳ ಸೀಟು, ದೊಡ್ಡ ಮಕ್ಕಳಿಗೆ ಬೆಲ್ಟ್, ಹಿಂದಿನ ಸೀಟಿನಲ್ಲಿ ನಮಗೂ ಬೆಲ್ಟ್. 14 ವರ್ಷದೊಳಗಿನ ಮಕ್ಕಳನ್ನು ಹೀಗೆ ಕೂರಿಸದಿದ್ದರೆ ಸಾವಿರ ರೂಪಾಯಿ ದಂಡ ಎಂದು 2019ರ ಕಾನೂನು ಹೇಳುತ್ತದೆ. ದಂಡದ ಭಯಕ್ಕಲ್ಲ, ಮಗುವಿನ ಜೀವಕ್ಕಾಗಿ ಮಾಡಿ.

ಮಕ್ಕಳೇ, ಈ ವಾರದ ಕೆಲಸ. ಒಂದು ಹಾಳೆಯಲ್ಲಿ ಆರು ಸಾಲು ಬರೆಯಿರಿ: ಹತ್ತಿ ಇಳಿಯಲು ಸುಲಭವೇ, ಓಡಿಸಲು ಖುಷಿಯೇ, ತಿಂಗಳ ಖರ್ಚು ಎಷ್ಟು, ಸಾಲದ ಕಂತು ಎಷ್ಟು, ರಿಪೇರಿ ಹತ್ತಿರದಲ್ಲಿದೆಯೇ, ಸುರಕ್ಷತೆಗೆ ಎಷ್ಟು ನಕ್ಷತ್ರ. ಮನೆಯವರೆಲ್ಲ ತಮಗೆ ಗೊತ್ತಿರುವ ಎರಡು ಕಾರುಗಳಿಗೆ ಪ್ರತಿ ಸಾಲಿನಲ್ಲೂ ಹತ್ತಕ್ಕೆ ಅಂಕ ಕೊಡಲಿ. ಕೂಡಿದಾಗ ಒಬ್ಬೊಬ್ಬರ ಉತ್ತರ ಒಂದೊಂದು ತರಹ ಬಂದರೆ ಜಗಳ ಆಡಬೇಡಿ, ಎಲ್ಲರೂ ಸರಿಯೇ. ಕೊನೆಯ ಸಾಲಿನ ಅಂಕವನ್ನು ಮಾತ್ರ ಎರಡರಿಂದ ಗುಣಿಸಿ ಕೂಡಿಸಿ.