ಹತ್ತಿಸುವ ಮೊದಲು ಇಳಿಯೋದು ಕಲಿಸಿ

2025ರಲ್ಲಿ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಚಿಲಿಯ ಕೊರಲ್ಕೊದಲ್ಲಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚು ಗೆದ್ದರು. ಹಿಮವೇ ಬೀಳದ ನಾಡಿನ ಹುಡುಗಿ, ಆಂಡಿಸ್‌ನ ಜ್ವಾಲಾಮುಖಿ ಇಳಿಜಾರಿನಲ್ಲಿ! ಆ ಖುಷಿಯಲ್ಲಿ ನಮ್ಮಲ್ಲಿ ಕೆಲವರು ಆಂಡಿಸ್‌ನ ಸ್ಕೀ ರೆಸಾರ್ಟ್‌ಗಳ ಬಗ್ಗೆ ಓದತೊಡಗಿದೆವು. ಸ್ಯಾಂಟಿಯಾಗೊ ಬಳಿಯ ವಾಯೆ ನೆವಾಡೊ ಸುಮಾರು 3,000 ಮೀಟರ್ ಎತ್ತರದಲ್ಲಿದೆ. ನಮಗೆ ಹಿಡಿಸಿದ್ದು ಎತ್ತರ ಅಲ್ಲ, ಅಲ್ಲಿನ ಶಿಸ್ತು. ಪ್ರತಿ ಇಳಿಜಾರಿಗೂ ಬಣ್ಣ: ಹಸಿರು ಹೊಸಬರಿಗೆ, ಕಪ್ಪು ಪಳಗಿದವರಿಗೆ. ಹೊಸಬರಿಗೆ ಮೊದಲು ಕಲಿಸೋದು ನಿಲ್ಲೋದು ಹೇಗೆ ಅಂತ. ಜಾರೋದು ಆಮೇಲೆ.

ಈಗ ನಮ್ಮ ಟ್ರಿಪ್ ನೋಡಿ. ಕುರುಡುಮಲೆ ಅಂದರೆ ಮುಳಬಾಗಿಲಿನಿಂದ ಹತ್ತು ಕಿಲೋಮೀಟರ್ ಆಸುಪಾಸು. ಆಳೆತ್ತರವನ್ನೂ ಮೀರಿದ ಏಕಶಿಲಾ ಗಣೇಶ, ಸೋಮೇಶ್ವರ ದೇವಸ್ಥಾನ, ಹಿಂದೆ ಬೆಟ್ಟ. ಚುನಾವಣೆ ಬಂದರೆ ನಾಯಕರು ಪ್ರಚಾರ ಶುರು ಮಾಡೋದೂ ಈ ಗಣಪನ ಮುಂದೆಯೇ. ನಾವು ಬಸ್ಸು, ಚಿತ್ರಾನ್ನ, ಟೀ ಶರ್ಟು ಎಲ್ಲ ಪ್ಲ್ಯಾನ್ ಮಾಡ್ತೀವಿ. ಬಂಡೆ ಇಳಿಯೋದು ಹೇಗೆ ಅಂತ ಮಾತ್ರ ಯಾರೂ ಹೇಳಲ್ಲ. ಯಾರಾದರೂ ಬಿದ್ದರೆ ಮರುದಿನ ಸುತ್ತೋಲೆ: ಇನ್ನು ಮುಂದೆ ಬೆಟ್ಟದ ಪ್ರವಾಸ ಬಂದ್. ಬಂದ್ ಮಾಡೋದರಿಂದ ಯಾರೂ ಕಲಿಯಲ್ಲ. ಬೈಕ್ ಹಾಕ್ಕೊಂಡು ತಾವೇ ಹೋಗ್ತಾರೆ, ಅಷ್ಟೇ.

ಕೋಲಾರದ ಗ್ರಾನೈಟು ಸುಮಾರು 250 ಕೋಟಿ ವರ್ಷದ್ದು. ಅದರ ಮುಂದೆ ಆಂಡಿಸ್ ಹಸುಗೂಸು. ಅಷ್ಟು ಕಾಲ ಬಿಸಿಲು, ಮಳೆ ತಿಂದ ಬಂಡೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರವಾಗಿ ಏಳುತ್ತದೆ, ಬೆಟ್ಟ ಗುಮ್ಮಟದ ಆಕಾರ ತಾಳುತ್ತದೆ. ಅಪಾಯ ಇರೋದು ಈ ಆಕಾರದಲ್ಲೇ. ಗುಮ್ಮಟದ ನೆತ್ತಿ ಹೆಚ್ಚುಕಡಿಮೆ ಸಮತಟ್ಟು. ಇಳಿದಷ್ಟೂ ಕಡಿದಾಗುತ್ತಾ ಹೋಗುತ್ತದೆ, ಆದರೆ ಎಲ್ಲಿ ಕಡಿದಾಯಿತು ಅಂತ ಮೇಲಿನಿಂದ ಕಾಣಲ್ಲ. ಅದಕ್ಕೇ ಹತ್ತಿದ ದಾರಿಯಲ್ಲೇ ಇಳಿಯಬೇಕು. ಹತ್ತುವಾಗ ಆಗಾಗ ಹಿಂದೆ ತಿರುಗಿ ಗುರುತು ಇಟ್ಟುಕೊಳ್ಳಬೇಕು. 'ಶಾರ್ಟ್‌ಕಟ್ ಇದೆ ಮಗಾ' ಅನ್ನೋನನ್ನ ನಂಬಬಾರದು.

ಮೊದಲ ವರ್ಷದ ಮೆಕ್ಯಾನಿಕ್ಸ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಣ ಬಂಡೆಗೂ ರಬ್ಬರ್ ಅಟ್ಟೆಗೂ ನಡುವಿನ ಘರ್ಷಣಾಂಕ 0.7 ಅಂದುಕೊಂಡರೆ 35 ಡಿಗ್ರಿ ಇಳಿಜಾರಿನವರೆಗೆ ಕಾಲು ನಿಲ್ಲುತ್ತದೆ. ಅದೇ ಬಂಡೆ ಒದ್ದೆಯಾಗಿ 0.3ಕ್ಕೆ ಇಳಿದರೆ 17 ಡಿಗ್ರಿಯಲ್ಲೇ ಜಾರುತ್ತದೆ. ತೂಕ ಲೆಕ್ಕಕ್ಕೇ ಬರಲ್ಲ, ದಪ್ಪಗಿರೋ ಗೆಳೆಯನನ್ನ ರೇಗಿಸಬೇಡಿ. ಬಂಡೆ ಮೇಲೆ ನೀರು ಹರಿದ ಕಡೆ ಕಪ್ಪು ಪಟ್ಟಿಗಳಿರುತ್ತವೆ. ಅಲ್ಲಿ ಪಾಚಿ ಕೂತಿರುತ್ತದೆ, ಒಂದು ಹನಿ ಮಳೆ ಬಿದ್ದರೂ ಸೋಪಿನ ಹಾಗೆ. ನಮ್ಮ ಬೆಟ್ಟದ 'ಕಪ್ಪು ದರ್ಜೆ' ಅದೇ ಅನ್ನಿ. ಬಂಡೆ ಮೇಲೆ ಉದುರಿದ ಮರಳೂ ಅಷ್ಟೇ, ಬಾಲ್ ಬೇರಿಂಗ್ ಮೇಲೆ ನಿಂತ ಹಾಗೆ. ತಟ್ಟಿದರೆ ಟೊಳ್ಳು ಸದ್ದು ಬರುವ ಪದರದ ಮೇಲಂತೂ ಗುಂಪಾಗಿ ನಿಂತು ಸೆಲ್ಫಿ ತೆಗೆಯಲೇಬೇಡಿ.

ಹೆದರಿದವರು ಹಿಂದಕ್ಕೆ ವಾಲುತ್ತಾರೆ. ಸ್ಕೀಯಲ್ಲೂ ಹೊಸಬರು ಮಾಡುವ ಮೊದಲ ತಪ್ಪು ಅದೇ ಅಂತೆ. ಹಿಂದಕ್ಕೆ ವಾಲಿದರೆ ಕಾಲು ಬಂಡೆಯನ್ನು ಒತ್ತುವ ಬದಲು ಇಳಿಜಾರಿನುದ್ದಕ್ಕೂ ಮುಂದಕ್ಕೆ ತಳ್ಳುತ್ತದೆ. ಮೈಭಾರ ನೇರ ಪಾದದ ಮೇಲಿರಬೇಕು, ಮಂಡಿ ಸ್ವಲ್ಪ ಮಡಿಸಿ, ಅಟ್ಟೆ ಪೂರ್ತಿ ಊರಿ, ಹೆಜ್ಜೆ ಚಿಕ್ಕದಾಗಿ. ಕಡಿದು ಅನ್ನಿಸಿದರೆ ನೇರ ಇಳಿಯದೆ ಹಾವಿನ ಹಾಗೆ ಅಡ್ಡಡ್ಡ ನಡೆಯಿರಿ. ಆಂಡಿಸ್‌ನ ಹಿಮದ ಮೇಲೂ ಹೊಸಬರು ವೇಗ ತಗ್ಗಿಸೋದು ಹೀಗೇ. ಬೇಕಾದರೆ ನಾಚಿಕೆ ಬಿಟ್ಟು ಕೂತು, ಕೈಯೂರಿ ಇಳಿಯಿರಿ.

ನಾವು ಕೇಳ್ತಿರೋದು ದೊಡ್ಡದೇನಲ್ಲ. ಮುಂದಿನ ಟ್ರಿಪ್‌ನಲ್ಲಿ ದೇವಸ್ಥಾನ ನೋಡಿದ ಮೇಲೆ, ಬೆಟ್ಟ ಹತ್ತೋ ಮೊದಲು, ಬುಡದ ಸಣ್ಣ ಬಂಡೆಯ ಮೇಲೆ ಅರ್ಧ ಗಂಟೆ. ಎಲ್ಲರೂ ನಾಲ್ಕು ಸಲ ಹತ್ತಿ ಇಳಿಯಲಿ. ನುಣುಪು ಅಟ್ಟೆಯ ಚಪ್ಪಲಿ ಹಾಕ್ಕೊಂಡು ಬಂದವರು ಕೆಳಗೇ ಇರಲಿ, ಸೋಮೇಶ್ವರ ದೇವಸ್ಥಾನದ ಕೆತ್ತನೆ ನೋಡೋಕೆ ಅರ್ಧ ದಿನ ಸಾಲದು. ಮಳೆ ಹನಿದರೆ ಎಲ್ಲರೂ ಕೆಳಗೆ. ಬಸ್ಸಿನ ದುಡ್ಡು ವಾಪಸ್ ಕೇಳಬೇಡಿ.